ಕೈಗೆ ಸಿಗದ ಬೆನ್ನು

ಐದನೇ ಇಯತ್ತೆಗೆ ಸಾಲಿ ಬಿಟ್ಟಾಗಿನಿಂದ ನಾನು ಒಂದೂರಿನಲ್ಲಿ ಮೂರು ತಿಂಗಳ ಮೇಲೆ ನಿಂತವನಲ್ಲ. ಫಜೀತಿಗಳು ಮಾತ್ರ ನನಗಿಂತ ಚುರುಕು, ನಾನು ಬಸ್ಸು ಇಳಿಯುವ ಮೊದಲೇ ಆ ಊರಿಗೆ ಹೋಗಿ ಕುಂತಿರುತ್ತವೆ. ಈ ಸಲ ಹೆಗಲ ನೋವೊಂದು ಟಿಕೆಟ್ ಇಲ್ಲದೆ ನನ್ನ ಜೊತೆ ತಿರುಗಿತು.

ಬೀದರ

ಕಾಳಿನ ಮಾರುಕಟ್ಟೆ ಗಂಜಿನಲ್ಲಿ ಹಗಲೆಲ್ಲ ತೊಗರಿ ಚೀಲ ಹೊರುತ್ತಿದ್ದೆ. ಸಂಜೆ ಖೋಲಿಗೆ ಹೋಗಿ ಗೋಡೆಯ ಜೊತೆ ಎಷ್ಟಂತ ಮಾತಾಡುವುದು ಎಂದು ಒಂದು ಜಿಮ್ಮಿಗೆ ಸೇರಿದೆ. ಕಲಿಸುವವನು ನನಗಿಂತ ಸಣ್ಣವ. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾನೂ ಅಂದೆ. ಎರಡು ತಿಂಗಳಿಗೆ ಬಲಗೈ ಕಿವಿಯ ಮೇಲೆ ಏಳದಾಯಿತು. ಅಂಗಿ ಹಾಕಿಕೊಳ್ಳುವುದೇ ಒಂದು ಕುಸ್ತಿ.

“ಹಗಲೆಲ್ಲ ಏನ್ ಕೆಲಸರಿ ನಿಮ್ದು?” ಎಂದು ಕೇಳಿದ ಉಸ್ತಾದ್.

“ಚೀಲ ಹೊರ್ತೇನಿ. ದಿನಾ ಒಂದ್ ಲಾರಿ.”

ಅವನು ಕೈಯಲ್ಲಿದ್ದ ತೂಕ ಕೆಳಗಿಟ್ಟ. “ಮತ್ತ ಇಲ್ಲಿ ಬಂದು ಯಾಕ ಎತ್ತತೀರಿ?”

“ಅಲ್ಲಿ ಲಾರಿ ತುಂಬಿದ್ರೂ ಯಾರೂ ಶಾಬಾಶ್ ಅನ್ನಂಗಿಲ್ರಿ. ಇಲ್ಲಿ ಹತ್ತು ಸಲ ಎತ್ತಿದ್ರ ನೀವ್ ಅಂತೀರಿ.”

ಉಸ್ತಾದ್ ತಲೆ ಕೆರೆದುಕೊಂಡ. “ಒಂದ್ ತಿಂಗಳು ಏನೂ ಎತ್ತಬ್ಯಾಡ್ರಿ. ದಿನಾ ಬಂದು ಸುಮ್ನ ಕೂಡ್ರಿ, ನಾ ಶಾಬಾಶ್ ಅಂತೇನಿ.”

ನಾಲ್ಕು ದಿನ ಹೋಗಿ ಕುಂತೆ. ಖರೇನೇ ಅಂದ. ಐದನೇ ದಿನ ನನಗೇ ನಾಚಿಕೆಯಾಗಿ ಭಾಲ್ಕಿ ಬಸ್ಸು ಹತ್ತಿದೆ.

ಭಾಲ್ಕಿಯ ದವಾಖಾನೆ

ಡಾಕ್ಟರು ನನ್ನ ರಟ್ಟೆ ಎತ್ತಿ, ತಿರುವಿ, ಭಾರ ಹೊರಬೇಡ ಎಂದರು. ಹಮಾಲನಿಗೆ ಹಾಗೆನ್ನುವುದು ಸುಲಭ. ಆಮೇಲೆ ಒಂದು ಮುಲಾಮು ಬರೆದರು.

“ಬೆನ್ನಿನ ಮ್ಯಾಲ, ರಟ್ಟಿ ಎಲುಬಿನ ಹಿಂದ ಹಚ್ಚಬೇಕು. ಮನ್ಯಾಗಿನವರಿಗಿ ಹೇಳ್ರಿ.”

“ಮನ್ಯಾಗ ಯಾರಿಲ್ರಿ.”

“ಹಂಗಾದ್ರ ನೀವೇ ಹಚ್ಕೋರಿ.”

“ಸಾಹೇಬ್ರ, ಕೈ ಅಲ್ಲಿತನಕ ಹೋಗಿದ್ರ ನಿಮ್ಮ ಬಲ್ಲಿ ಯಾಕ ಬರ್ತಿದ್ದೆ?”

ಡಾಕ್ಟರು ಮತ್ತೆ ಚೀಟಿ ಎಳೆದುಕೊಂಡು ಇನ್ನೊಂದು ಮುಲಾಮು ಬರೆದರು.

ಎಮ್ಮೆಯ ನೆಗಡಿ

ಎರಡು ಮುಲಾಮು, ಒಂದೂ ಬೆನ್ನಿಗೆ ತಲುಪಲಿಲ್ಲ. ಕೊನೆಗೆ ಭಾಲ್ಕಿಯಲ್ಲಿ ಹಿಡಿದ ಬಾಡಿಗೆ ಖೋಲಿಯ ಅಂಗಳದ ಕಂಬಕ್ಕೆ ಮುಲಾಮು ಬಳಿದು ಬೆನ್ನು ಕೊಟ್ಟು ತಿಕ್ಕತೊಡಗಿದೆ. ಮನೆ ಮಾಲಕಿ ಅಕ್ಕ ಸೆಗಣಿ ಬುಟ್ಟಿ ಹಿಡಿದುಕೊಂಡು ಬಂದು ನಿಂತಳು.

“ಏನ್ ಮಾಡ್ಲತೀರಿ?”

“ಔಷಧ ಹಚ್ಕೊಳ್ಳಾಕತ್ತೀನಿ ಅಕ್ಕ.”

“ಅದು ನಮ್ಮ ಎಮ್ಮಿ ಮೈ ತಿಕ್ಕೋ ಕಂಬರಿ. ಪಾಳಿ ಹಚ್ಕೋರಿ,” ಎಂದು ಒಳಗೆ ಹೋದಳು.

ಎಮ್ಮೆಯೂ ತನ್ನ ಪಾಳಿ ಬಿಡಲಿಲ್ಲ. ಮರುದಿನ ಹಾಲಿಗೆ ಬಂದವರೆಲ್ಲ ಮುಲಾಮಿನ ವಾಸನೆಗೆ ಮೂಗು ಅರಳಿಸಿ ಒಂದೇ ಮಾತು ಕೇಳಿದರು: “ಎಮ್ಮಿಗಿ ನೆಗಡಿ ಆಗ್ಯಾದೇನ್ರಿ ಅಕ್ಕ?”

ಔರಾದದ ತಾಲೀಮು

ಭಾಲ್ಕಿಯಲ್ಲಿ ಜೊತೆಗೆ ಚೀಲ ಹೊರುತ್ತಿದ್ದ ಹಮಾಲನೊಬ್ಬ ಹೇಳಿದ, ಔರಾದದಲ್ಲಿ ಕುಸ್ತಿಯವರ ಹಳೇ ತಾಲೀಮು, ಅಂದ್ರ ಗರಡಿ ಮನಿ, ಒಂದು ಅದ, ಮುಂಜಾನೆ ಒಬ್ಬರಿಗೊಬ್ಬರು ಎಣ್ಣೆ ತಿಕ್ಕುತ್ತಾರೆ, ಮನ್ಯಾಗ ಯಾರದಾರ ಅಂತ ಕೇಳಂಗಿಲ್ಲ. ಮರುದಿನವೇ ಹೊರಟೆ.

ಕುಸ್ತಿ ಯಾವಾಗಲೋ ನಿಂತಿತ್ತು. ಹೆಗಲು ಸವೆದ ನಾಲ್ವರು ಮಾಜಿ ಪೈಲ್ವಾನರು ರೈಲಿನ ಡಬ್ಬಿಗಳ ಹಾಗೆ ಒಬ್ಬರ ಹಿಂದೆ ಒಬ್ಬರು ಕುಂತಿದ್ದರು. ಪ್ರತಿಯೊಬ್ಬನೂ ಮುಂದಿನವನ ಬೆನ್ನು ತಿಕ್ಕಬೇಕು. ಹಿರಿಯ ಪೈಲ್ವಾನ್ ಕಾಕಾ ಎಲ್ಲರ ಮುಂದೆ, ಕಡೆಗೆ ಬಂದವ ಎಲ್ಲರ ಹಿಂದೆ. ನಾನು ಕಡೆಗೆ ಕುಂತು, ನೋಯುವ ಕೈಯಿಂದಲೇ ಎಮ್ಮೆಯಷ್ಟಗಲದ ಒಂದು ಬೆನ್ನು ತಿಕ್ಕಿದೆ. ಆಮೇಲೆ ಕೇಳಿದೆ.

“ಕಾಕಾ, ನನಗ ಯಾರ್ ತಿಕ್ತಾರ್ರಿ?”

ಕಾಕಾ ತಿರುಗಿ ಸಹ ನೋಡಲಿಲ್ಲ. “ಹೊಸಬ ಬರ್ತಾನ.”

“ಯಾವಾಗ?”

“ನಿನ್ನ ಮುಂದ ಕುಂತವ ಹನ್ನೊಂದು ವರ್ಷ ಕಾದಾನ.”

ನನ್ನ ಮುಂದೆ ಕುಂತವ ಕಣ್ಣು ಮುಚ್ಚಿ, “ಇನ್ನೊಂಚೂರು ಕೆಳಗ, ತಮ್ಮಾ,” ಎಂದ.

ಇವತ್ತು ಬಿಡುತ್ತೇನೆ, ನಾಳೆ ಬಿಡುತ್ತೇನೆ ಅನ್ನುತ್ತ, ಮೂರು ತಿಂಗಳ ಮೇಲೆ ಎಲ್ಲೂ ನಿಲ್ಲದವನಿಗೆ ಇಲ್ಲಿ ಐದು ತಿಂಗಳಾಯಿತು. ಈಗ ಊರು ಬಿಟ್ಟರೆ ತಿಕ್ಕಿದ್ದೆಲ್ಲ ವ್ಯರ್ಥ. ದಿನಾ ಮುಂಜಾನೆ ಒಂದು ಕಣ್ಣು ಬೆನ್ನಿನ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ.

ಹೋದ ವಾರ ಬಾಗಿಲಲ್ಲಿ ಒಬ್ಬ ಟೇಲರ್ ಬಂದು ನಿಂತ. ಮಷೀನಿನ ಮುಂದೆ ಕುಂತೂ ಕುಂತೂ ಕತ್ತು ಒಂದು ಕಡೆ ವಾಲಿತ್ತು.

“ಇಲ್ಲಿ ನೋವಿಗಿ ಎಣ್ಣಿ ತಿಕ್ತಾರಂತಲ್ರಿ?”

“ಬರ್ರಿ ಬರ್ರಿ,” ಎಂದೆ. ಮಗಳ ಮದುವೆಗೆ ಬೀಗರನ್ನು ಕರೆದ ಹಾಗೆ ಕರೆದು, ಚಾಪೆ ಜಾಡಿಸಿ, ನನ್ನ ಹಿಂದೆ ಕೂಡ್ರಿಸಿ, ಎಣ್ಣೆ ಬಟ್ಟಲು ಅವನ ಕೈಗಿಟ್ಟೆ.

ಅವನು ಶುರು ಮಾಡಿದ. ನನ್ನ ನೋವು ಬಲಗಡೆ. ಅವನು ತಿಕ್ಕಿದ್ದು ಎಡಗಡೆ. ಬೇರೆ ಮನುಷ್ಯನ ಕೈ ನನ್ನ ಬೆನ್ನಿನ ಮೇಲೆ ಬಿದ್ದು ಎಷ್ಟು ವರ್ಷವಾಗಿತ್ತೋ ಲೆಕ್ಕ ಇಲ್ಲ.

“ಜಾಗಾ ಇದೇ ಹೌದಲ್ರಿ?” ಎಂದು ಕೇಳಿದ.

ತಪ್ಪು ಅಂದರೆ ಬೇಜಾರಾಗಿ ಎದ್ದು ಹೋದಾನು, ಇನ್ನೊಬ್ಬ ಹೊಸಬ ಬರಲಿಕ್ಕೆ ಮತ್ತೆ ಹನ್ನೊಂದು ವರ್ಷ.

“ಬರೋಬ್ಬರಿ ಇದೇ ಜಾಗಾರಿ,” ಎಂದೆ.