ಏಳನೆಯ ತಪ್ಪು

ಬೆಳಗಿನ ಉಪ್ಪಿಟ್ಟಿಗೆ ಕರಿಬೇವು ಬಿದ್ದಿರಲಿಲ್ಲ. ರಾಚಪ್ಪನ ಅಂದಿನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

"ಸಂಜೆ ಬರ್ತಾ ಕರಿಬೇವು ತನ್ನಿ, ಮರೀಬೇಡಿ," ಎಂದಳು ಹೆಂಡತಿ ಶಶಿಕಲಾ. "ನಿನ್ನೇನೂ ಹೇಳಿದ್ದೆ. ಮೊನ್ನೇನೂ ಹೇಳಿದ್ದೆ."

ರಾಚಪ್ಪ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ಹೂಂಗುಟ್ಟಿದ. ತಟ್ಟೆಯ ಪಕ್ಕದಲ್ಲಿದ್ದ ಖಾಲಿ ಹಾಳೆಯ ಮೇಲೇ ಅವನ ಗಮನ. ವಿಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಗ್ರಂಥಪಾಲಕ. ಮಧ್ಯಾಹ್ನ ಮೂರಕ್ಕೆ ಮೊದಲ ವರ್ಷದ ಮಕ್ಕಳಿಗೆ ಒಂದು ಪಾಠ ಮಾಡಬೇಕಿತ್ತು: ಸುದ್ದಿಯನ್ನಾಗಲಿ ಸಂಶೋಧನೆಯನ್ನಾಗಲಿ ನಂಬುವ ಮುಂಚೆ ಅದರ ಮೂಲವನ್ನು ಪರೀಕ್ಷಿಸುವುದು ಹೇಗೆ ಎಂದು. ಬರೀ ಪಾಠವಾಗಿದ್ದರೆ ಅವನಿಗೆ ಚಿಂತೆಯಿರಲಿಲ್ಲ. ಕಾಲೇಜಿನ ಕಾರ್ಯದರ್ಶಿ ಕರಿಬಸಪ್ಪನವರು ಖುದ್ದಾಗಿ ಬಂದು ಕೂರುವವರಿದ್ದರು. ಗ್ರಂಥಾಲಯದ ಓದುಕೋಣೆಯನ್ನು ಜಿಮ್ ಮಾಡಬೇಕೆಂಬುದು ಅವರ ಬಹುದಿನದ ಆಸೆ.

"ನೋಡ್ರೀ ರಾಚಪ್ಪ," ಎಂದು ಹಿಂದಿನ ದಿನವೇ ಹೇಳಿದ್ದರು, "ಆ ರೂಮಿಂದ ಮಕ್ಕಳಿಗೆ ಏನೋ ಉಪಯೋಗ ಆಗ್ತಿದೆ ಅಂತ ನಾಳೆ ತೋರಿಸಿಬಿಡಿ, ರೂಮ್ ನಿಮ್ಮದು. ಇಲ್ದಿದ್ರೆ ನಾಡಿದ್ದು ಡಂಬೆಲ್ಸ್ ಬರ್ತವೆ."

ಮಕ್ಕಳ ಕೈಗೆ ಒಂದು ಸುಳ್ಳು ಸುದ್ದಿ ಕೊಟ್ಟು ಅದರೊಳಗಿನ ತಪ್ಪುಗಳನ್ನು ಹುಡುಕಿಸುವುದು ರಾಚಪ್ಪನ ಯೋಜನೆ. ಯಾವ ಸುದ್ದಿ ಎಂಬುದಷ್ಟೇ ಹೊಳೆದಿರಲಿಲ್ಲ. ಈಗ ಕಿವಿಯಲ್ಲಿ 'ಕರಿಬೇವು', 'ಮರೀಬೇಡಿ' ಎಂಬ ಎರಡು ಮಾತುಗಳು ಸುತ್ತುತ್ತಿದ್ದವು. ಪೆನ್ನು ತಾನಾಗಿ ಓಡಿತು.

"ಫೆಬ್ರವರಿ 30: ಕಿವಿಯ ಹಿಂದೆ ಒಂದು ಎಸಳು ಕರಿಬೇವು ಇಟ್ಟುಕೊಂಡರೆ ಮರೆವು ಮಾಯವಾಗುತ್ತದೆ ಎಂದು ದಕ್ಷಿಣ ಧ್ರುವ ಕೃಷಿ ವಿಶ್ವವಿದ್ಯಾಲಯದ ಸಂಶೋಧನೆ ತಿಳಿಸಿದೆ. 1931ರಲ್ಲಿ ಹುಟ್ಟಿದ ಡಾ. ತಮ್ಮಣ್ಣ ಇದನ್ನು 1928ರಲ್ಲೇ ಕಂಡುಹಿಡಿದಿದ್ದರು. ಶೇಕಡಾ 112 ಮಂದಿಗೆ ಗುಣ ಕಂಡಿದೆ. ಪ್ರಯೋಗಕ್ಕೆ ಒಳಗಾದ ವ್ಯಕ್ತಿಗೆ ಮರೆತದ್ದು ಕೂಡಲೇ ನೆನಪಾಯಿತು. ಪ್ರಪಂಚದ ಎಲ್ಲ ವೈದ್ಯರೂ ಇದನ್ನು ಒಪ್ಪಿದ್ದಾರೆ. ಹತ್ತು ಜನಕ್ಕೆ ತಪ್ಪದೆ ಕಳಿಸಿ."

ಓದಿ ನೋಡಿ ಅವನಿಗೇ ಹೆಮ್ಮೆಯಾಯಿತು. ಎಣಿಸಿ ಏಳು ತಪ್ಪುಗಳನ್ನು ಹೂತಿಟ್ಟಿದ್ದ. ಆರು ಎದ್ದು ಕಾಣುವಂಥವು. ಏಳನೆಯದನ್ನು ಮಾತ್ರ ಬಹಳ ನಾಜೂಕಾಗಿ ಬಚ್ಚಿಟ್ಟಿದ್ದ. ಅದನ್ನು ಕಂಡುಹಿಡಿದವರಿಗೆ ತನ್ನ ಇಂಕ್ ಪೆನ್ನನ್ನೇ ಬಹುಮಾನ ಕೊಡುವುದೆಂದು ನಿಶ್ಚಯಿಸಿದ.

"ಉತ್ತರ ಎಲ್ಲಾದ್ರೂ ಬರ್ಕೊಳಿ," ಎಂದಳು ಶಶಿಕಲಾ.

"ನಾನೇ ಮಾಡಿದ ತಪ್ಪು ನನಗೆ ಮರೆತುಹೋಗುತ್ತೇನೇ?" ಎಂದು ನಕ್ಕು, ಊಟದ ಡಬ್ಬಿಯನ್ನು ಟೇಬಲ್ಲಿನ ಮೇಲೇ ಬಿಟ್ಟು ಹೊರಟ.

ಗೋವಿಂದರಾಜನಗರದ ಮನೆಯಿಂದ ಕಾಲೇಜಿಗೆ ಕಾಲುನಡಿಗೆಯ ದಾರಿ. ಗ್ರಂಥಾಲಯದ ಬೀಗ ತೆಗೆದು, ಕುರ್ಚಿಯಲ್ಲಿ ಕೂತು, ಹಾಳೆಯನ್ನು ಇನ್ನೊಮ್ಮೆ ಓದುತ್ತಿದ್ದಾಗ ಅವನ ಬಲಗೈ ತನ್ನ ಪಾಡಿಗೆ ತಾನು ಮೇಲೆದ್ದು ಧಪ್ಪೆಂದು ಕೆಳಗಿಳಿಯಿತು. ಹಾಳೆಯ ಮೇಲೆ ಗ್ರಂಥಾಲಯದ ನೇರಳೆ ಬಣ್ಣದ ದುಂಡು ಮೊಹರು ಬಿತ್ತು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಮುಂದೆ ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ ಒತ್ತಿ ಆ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಪುಸ್ತಕ ಕಳುವಾದರೆ ಗುರುತಿಗಿರಲಿ ಎಂದು ಹದಿನೇಳನೆಯ ಪುಟದಲ್ಲಿ ಒಂದು ಗುಟ್ಟಿನ ಮೊಹರು ಹಾಕುವುದು ಅವನ ಪದ್ಧತಿ. ಅವನ ಮದುವೆಯ ಆಲ್ಬಮ್ಮಿನ ಹದಿನೇಳನೆಯ ಪುಟದಲ್ಲೂ, ಅತ್ತೆಯ ಸೆರಗಿನ ಪಕ್ಕದಲ್ಲಿ, ಅದೇ ಮೊಹರಿತ್ತು.

ಕಾಲೇಜಿನ ಎದುರಿಗೇ ಸುಬ್ರಮಣಿಯ ಜೆರಾಕ್ಸ್ ಅಂಗಡಿ. "ಅರವತ್ತು ಕಾಪಿ ಮಾಡಿ ಕಳಿಸಪ್ಪ," ಎಂದು ಕೊಟ್ಟು ರಾಚಪ್ಪ ಹಿಂತಿರುಗಿದ. ಅಂಗಡಿಗೆ ಬಂದ ಕಾಗದವನ್ನೆಲ್ಲ ಓದುವುದು ಸುಬ್ರಮಣಿಯ ಅಭ್ಯಾಸ. ಬಡಾವಣೆಯಲ್ಲಿ ಯಾರ ಜಾತಕ ಯಾರಿಗೆ ಕೂಡಿಲ್ಲ, ಯಾರು ಎಷ್ಟನೇ ಸಲ ಗಣಿತದಲ್ಲಿ ಫೇಲಾಗಿದ್ದಾರೆ ಎಂಬುದೆಲ್ಲ ಅವನಿಗೆ ಯಂತ್ರದಿಂದ ಹೊರಬರುವಾಗಲೇ ಗೊತ್ತಾಗುತ್ತಿತ್ತು.

ಹನ್ನೊಂದು ಗಂಟೆಗೆ ಅಟೆಂಡರ್ ಬೈರಯ್ಯ ಚಹಾ ತಂದ. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವನ ಬಲಗಿವಿಯ ಹಿಂದೆ ಹಸಿರಾದದ್ದೇನೋ ಕೂತಿತ್ತು.

"ಏನಪ್ಪಾ ಅದು ಬೈರಯ್ಯ?"

"ಏನ್ಸಾರ್ ಹಿಂಗ್ ಕೇಳ್ತೀರಿ? ನಿಮ್ದೇ ಸಂಶೋಧನೆ!" ಬೈರಯ್ಯ ಫೋನು ತೋರಿಸಿದ. ರಾಚಪ್ಪನ ಕೈಬರಹ, ಅದರ ಕೆಳಗೆ ಗ್ರಂಥಾಲಯದ ಮೊಹರು. "ಏರಿಯಾ ಗ್ರೂಪಲ್ಲೆಲ್ಲಾ ಇದೇ ಓಡ್ತಾ ಇದೆ. ನೋಡಿ, ಇವತ್ತು ನಿಮ್ ಚಾಕ್ಕೆ ಸಕ್ರೆ ಹಾಕೋದು ಮರೀಲೇ ಇಲ್ಲ."

ರಾಚಪ್ಪ ಒಂದು ಗುಟುಕು ಕುಡಿದ. ಸಕ್ಕರೆ ಎರಡು ಸಲ ಬಿದ್ದಿತ್ತು.

ಜೆರಾಕ್ಸ್ ಅಂಗಡಿಗೆ ಒಂದೇ ಉಸಿರಿಗೆ ಓಡಿದ. "ಸುಬ್ರಮಣಿ, ಅದು ಸುಳ್ಳು ಕಣಯ್ಯ! ಮಕ್ಕಳಿಗೆ ಪಾಠಕ್ಕೆ ಅಂತ ನಾನೇ ಕಟ್ಟಿ ಬರೆದದ್ದು!"

ಎರಡು ಕಿವಿಗೂ ಎಸಳು ಸಿಕ್ಕಿಸಿಕೊಂಡು ನಿಂತಿದ್ದ ಸುಬ್ರಮಣಿ ಮುಗುಳ್ನಕ್ಕ. "ದೊಡ್ಡೋರೆಲ್ಲಾ ಹಿಂಗೇ ಸಾರ್. ಏನಾದ್ರೂ ಕಂಡುಹಿಡಿದ್ಮೇಲೆ ನಂದೇನಿಲ್ಲ ಅಂತಾರೆ."

ಅಂಗಡಿಯ ಮುಂದೆಯೇ ನಿಂತು ರಾಚಪ್ಪ ಇನ್ನೊಂದು ಹಾಳೆ ಬರೆದ: 'ಕರಿಬೇವಿನ ಸುದ್ದಿ ಸುಳ್ಳು, ಯಾರೂ ನಂಬಬಾರದು.' ಸುಬ್ರಮಣಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದ್ರಲ್ಲಿ ಸೀಲೇ ಇಲ್ವಲ್ಲ ಸಾರ್? ಎಲ್ಲಿಂದ ಬಂತು ಅಂತ ಗೊತ್ತಿಲ್ದೆ ಇರೋದನ್ನ ನಂಬಬೇಡಿ ಅಂತ ಲೈಬ್ರರಿ ಬಾಗಿಲಲ್ಲಿ ಬೋರ್ಡ್ ಹಾಕಿರೋರು ನೀವೇ ತಾನೆ?"

ರಾಚಪ್ಪ ಓಡಿಹೋಗಿ ಮೊಹರು ಒತ್ತಿಕೊಂಡು ಬಂದ. ಸುಬ್ರಮಣಿ ಫೋಟೊ ತೆಗೆದು ಗುಂಪಿಗೆ ಕಳಿಸಿದ. ಎರಡು ನಿಮಿಷ ಇಬ್ಬರೂ ಫೋನನ್ನೇ ದಿಟ್ಟಿಸಿದರು.

"ಏನಂತಾರೆ?"

"ಎರಡಕ್ಕೂ ಸೀಲಿದೆ, ಮೊದಲನೇದೇ ಒರಿಜಿನಲ್ ಅಂತಾರೆ. ಎರಡನೇದು ಮಾತ್ರೆ ಕಂಪನಿಯೋರು ಹೆದರಿಸಿ ಬರೆಸಿರೋದಂತೆ. ಹುಷಾರಾಗಿರಿ ಸಾರ್."

ಅಷ್ಟರಲ್ಲಿ ಶಶಿಕಲಾಳ ಫೋನ್ ಬಂತು. "ಪಕ್ಕದ್ಮನೆ ಇಂದ್ರಮ್ಮನೋರು ಬಂದು ಕೂತಿದಾರೆ. ಗಂಡಸ್ರಿಗೆ ಬಲಗಿವಿ, ಹೆಂಗಸ್ರಿಗೆ ಎಡಗಿವಿ ಅಲ್ವಾ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

"ಎಲ್ಲಾ ಸುಳ್ಳು ಅಂತ ಹೇಳು!"

ಫೋನಿನಾಚೆ ಏನೋ ಗುಸುಗುಸು. ಮತ್ತೆ ಶಶಿಕಲಾಳ ದನಿ: "ಹೇಳ್ದೆ. ಹಾಗಾದ್ರೆ ಎರಡು ಕಿವಿಗೂ ಇಟ್ಕೊಬೇಕಾ ಅಂತಿದಾರೆ. ಅದಿರ್ಲಿ, ಊಟದ ಡಬ್ಬಿ ಇಲ್ಲೇ ಬಿಟ್ಟಿದೀರಿ."

ಕಾಲೇಜಿನ ಗೇಟಿನ ಬಳಿ ಅಕ್ಕಯ್ಯಮ್ಮನ ತರಕಾರಿ ಗಾಡಿಯ ಸುತ್ತ ಜನ ಮುಗಿಬಿದ್ದಿದ್ದರು. ಎಷ್ಟೋ ವರ್ಷಗಳಿಂದ ಅಕ್ಕಯ್ಯಮ್ಮ ತರಕಾರಿ ಕೊಂಡವರಿಗೆ ಕೊಸರೆಂದು ಒಂದು ಹಿಡಿ ಕರಿಬೇವನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದಳು. ಇಂದು ಕರಿಬೇವು ಗಾಡಿಯ ನಡುವೆ ಒದ್ದೆ ಬಟ್ಟೆ ಹೊದ್ದು ರಾಣಿಯ ಹಾಗೆ ಕೂತಿತ್ತು. ಅದನ್ನು ಕೊಂಡವರಿಗೆ ಟೊಮೆಟೊ ಕೊಸರು!

"ನೀನು ತಣ್ಣಗಿರಪ್ಪಾ," ಎಂದು ಅಕ್ಕಯ್ಯಮ್ಮ ದೂರದಿಂದಲೇ ಕೈಮುಗಿದಳು. ರಾಚಪ್ಪ ತಲೆ ತಗ್ಗಿಸಿ, ಕಳ್ಳನ ಹಾಗೆ ಗೋಡೆ ಸವರಿಕೊಂಡು ಒಳಗೆ ಹೋದ.

ಮೂರು ಗಂಟೆಗೆ ಸಭಾಂಗಣ ಮದುವೆ ಮನೆಯ ಒಗ್ಗರಣೆಯ ಹಾಗೆ ಘಮಘಮಿಸುತ್ತಿತ್ತು. ಅರವತ್ತು ಮಕ್ಕಳಲ್ಲಿ ನಲವತ್ತು ಮಂದಿಯ ಕಿವಿ ಹಸಿರಾಗಿತ್ತು. ಕರಿಬಸಪ್ಪನವರು ಬಂದು ಮೊದಲ ಸಾಲಿನಲ್ಲಿ ಕೂತರು. ಕಾರ್ಯದರ್ಶಿಗಳಿಗೆ ಒಂದು ಎಸಳು ಸಾಲುವುದುಂಟೇ? ಅವರ ಒಂದೊಂದು ಕಿವಿಗೂ ಒಂದೊಂದು ಕಂತೆ.

ರಾಚಪ್ಪ ಎದ್ದ. "ಮಕ್ಕಳೇ, ನಿಮ್ಮ ಕೈಯಲ್ಲಿರೋ ಹಾಳೆ ಪೂರ್ತಿ ಸುಳ್ಳು. ಅದರಲ್ಲಿ ಏಳು ತಪ್ಪಿವೆ. ಮೂಲಕ್ಕೆ ಹೋಗಿ ಹುಡುಕಿ. ಹೇಳೋರು ಯಾರು?"

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ವಿಜಯಪುರದ ಕಡೆಯ ಹುಡುಗಿ, ಗುರುದೇವಿ. ಅವಳ ಕಿವಿಯಲ್ಲಿ ಓಲೆ ಬಿಟ್ಟರೆ ಬೇರೇನೂ ಇರಲಿಲ್ಲ.

"ನಾ ಹೇಳ್ತೀನ್ರಿ ಸರ. ಫೆಬ್ರವರಿ ಮೂವತ್ತ ಯಾವ ಕ್ಯಾಲೆಂಡರ್‌ನ್ಯಾಗ ಐತ್ರಿ? ದಕ್ಷಿಣ ಧ್ರುವದಾಗ ಬರೇ ಬರ್ಫ ಐತಿ, ಅಲ್ಲಿ ಹೊಲಾ ಉಳಾಕ ಪೆಂಗ್ವಿನ್ ಹೂಡ್ಯಾರೇನ್ರಿ? ಆ ಡಾಕ್ಟರ್ರು ಹುಟ್ಟೂಕಿಂತ ಮೂರ ವರ್ಷ ಮೊದ್ಲ ಹೆಂಗ ಕಂಡುಹಿಡಿದ್ರು? ನೂರು ಮಂದ್ಯಾಗ ನೂರಾ ಹನ್ನೆರಡು ಮಂದಿಗೆ ಗುಣ ಆದ್ರ, ಆ ಹನ್ನೆರಡು ಮಂದಿ ಯಾವ ಊರಿಂದ ಬಂದ್ರು? ಪ್ರಪಂಚದ ಎಲ್ಲಾ ಡಾಕ್ಟರ್ ಒಪ್ಯಾರ ಅಂದ್ರಿ, ನಮ್ಮೂರ ಡಾಕ್ಟರ್ ಹೆಂಡ್ತಿ ಮಾತ್ನೂ ಒಪ್ಪಂಗಿಲ್ರಿ. ಇನ್ನ ಹತ್ತ ಮಂದಿಗೆ ಕಳಸ್ರಿ ಅಂತ ಖರೇ ಸಂಶೋಧನಾ ಮಾಡಿದವ್ರು ಕೈಮುಗಿದು ಕೇಳ್ಕೊಳ್ಳಂಗಿಲ್ಲ."

ಒಂದೊಂದು ಮಾತಿಗೂ ಸಭೆಯಲ್ಲಿ ಹತ್ತು ಕಿವಿ ಖಾಲಿಯಾದವು. ಕೊನೆಗೆ ಕರಿಬಸಪ್ಪನವರೂ ಎಡಗಿವಿಯ ಕಂತೆ ತೆಗೆದು, ಅತ್ತಿತ್ತ ನೋಡಿ, ಬಲಗಿವಿಯದನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಈ ಹುಡ್ಗಿ ಇದೆಲ್ಲ ಎಲ್ಲಿ ಕಲ್ತಳ್ರೀ?"

"ನಮ್ಮ ಓದುಕೋಣೆಯಲ್ಲೇ ಸಾರ್," ಎಂದ ರಾಚಪ್ಪ. ಅವನ ಕಣ್ಣು ತುಂಬಿ ಬಂದಿತ್ತು.

"ಭೇಷ್! ಹಾಗಾದ್ರೆ ರೂಮು..." ಎಂದ ಕರಿಬಸಪ್ಪನವರು ಮಾತು ಮುಗಿಸುವಷ್ಟರಲ್ಲಿ ಗುರುದೇವಿ ಮತ್ತೆ ಕೈಯೆತ್ತಿದಳು.

"ಆರಾತ್ರಿ ಸರ. ನೀವು ಏಳಂದ್ರಿ. ಏಳನೇದು ಯಾವ್ದ್ರಿ?"

ರಾಚಪ್ಪ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದ, ಕೆಳಗಿಂದ ಮೇಲಕ್ಕೆ ಓದಿದ. ಆ ಏಳನೆಯ ತಪ್ಪನ್ನು ಬಚ್ಚಿಟ್ಟವನಿಗೂ ಸಿಗದಷ್ಟು ಚೆನ್ನಾಗಿ ಬಚ್ಚಿಟ್ಟಿದ್ದ. ಒಂದು ನಿಮಿಷವಾಯಿತು. ಎರಡಾಯಿತು. ಹಿಂದಿನಿಂದ ಯಾರೋ ಕೂಗಿದರು: "ಸಾರ್, ಕರಿಬೇವು ಇಟ್ಕೊಳಿ!"

ಸಭೆ ಗೊಳ್ಳೆಂದಿತು. ಕರಿಬಸಪ್ಪನವರು ಮಾತ್ರ ನಗಲಿಲ್ಲ. ಎದ್ದು ಬಂದು, ತಮ್ಮ ಮಡಿಲಿನ ಕಂತೆಯಿಂದ ಒಂದು ಎಸಳನ್ನು ಆರಿಸಿ ತಮ್ಮ ಕೈಯಾರೆ ರಾಚಪ್ಪನ ಕಿವಿಯ ಹಿಂದೆ ಸಿಕ್ಕಿಸಿದರು. ಬೇಡವೆನ್ನುವ ಹಾಗಿಲ್ಲ, ಅವರು ಕಾರ್ಯದರ್ಶಿ.

ರಾಚಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಲ್ಲರೂ ಎಸಳು ಕಿತ್ತೆಸೆದಿದ್ದಾರೆ. ಇಡೀ ಸಭೆಯಲ್ಲಿ ಕಿವಿಗೆ ಸೊಪ್ಪು ಸಿಕ್ಕಿಸಿಕೊಂಡು ನಿಂತ ಪೆದ್ದ ತಾನೊಬ್ಬನೇ. ಒಬ್ಬನೇ ಒಬ್ಬ...

"ಹಾಂ! ನೆನಪಾಯ್ತು!" ಎಂದು ಚೀರಿದ.

"ಎಷ್ಟು ಹೊತ್ತು ಹಿಡೀತು?" ಎಂದರು ಕರಿಬಸಪ್ಪನವರು, ಮೆಲ್ಲಗೆ.

"ನಾಲ್ಕೇ ಸೆಕೆಂಡ್ ಸಾರ್," ಎಂದ ಕಿಟಕಿಯ ಪಕ್ಕದ ಹುಡುಗ. "ವಿಡಿಯೊ ಮಾಡಿದೀನಿ."

"ಅಯ್ಯೋ, ಅದಲ್ಲ! ಏಳನೇ ತಪ್ಪು ಕೇಳಿ!" ರಾಚಪ್ಪ ಕೈಬೀಸಿದ. "'ಪ್ರಯೋಗಕ್ಕೆ ಒಳಗಾದ ವ್ಯಕ್ತಿ' ಅಂತಿದೆ ನೋಡಿ, ವ್ಯಕ್ತಿಗಳು ಅಂತಿಲ್ಲ. ಒಬ್ಬನೇ ಒಬ್ಬನಿಗೆ ನೆನಪು ಬಂದ ಮಾತ್ರಕ್ಕೆ ಅದು ಸಂಶೋಧನೆ ಆಗಲ್ಲ! ಒಬ್ಬನ ಅನುಭವ ಆಧಾರವೇ ಅಲ್ಲ!"

ಅವನ ಮಾತು ಶಿಳ್ಳೆ ಚಪ್ಪಾಳೆಗಳಲ್ಲಿ ಮುಳುಗಿಹೋಯಿತು. ಮಕ್ಕಳು ಬೆಂಚಿನ ಕೆಳಗೆ ಬಗ್ಗಿ, ಎಸೆದ ಎಸಳುಗಳನ್ನು ಹುಡುಕಿ ಒರೆಸಿಕೊಳ್ಳುತ್ತಿದ್ದರು. ಗುರುದೇವಿಯೊಬ್ಬಳು ಏನೋ ಹೇಳಲು ನಿಂತೇ ಇದ್ದಳು. ಅವಳತ್ತ ನೋಡುವವರು ಯಾರೂ ಇರಲಿಲ್ಲ.

"ಒಬ್ಬ ಅಂದ್ರೆ ಅವನು ಯಾರ್ರೀ? ನೀವು!" ಎಂದು ಕರಿಬಸಪ್ಪನವರು ಅವನ ಭುಜ ಹಿಡಿದು ಅಲುಗಿಸಿದರು. "ಇಪ್ಪತ್ತೆರಡು ವರ್ಷದ ಸರ್ವಿಸು. ನಿಮಗಿಂತ ನಂಬಿಕಸ್ಥ ಮೂಲ ಇನ್ನೊಂದಿದೆಯಾ? ಜಿಮ್ಮು ಕ್ಯಾನ್ಸಲ್!"

ರಾಚಪ್ಪನಿಗೆ ಅರೆಕ್ಷಣ ಜೀವ ಬಂದ ಹಾಗಾಯಿತು.

"ಓದುಕೋಣೆ ನಾಳೆಯಿಂದ ಕರಿಬೇವು ಸಂಶೋಧನಾ ಕೇಂದ್ರ. ನೂರು ಕುಂಡ ಇಡಿಸ್ತೀನಿ. ನೀವೇ ಮುಖ್ಯಸ್ಥರು, ನೀರೂ ನೀವೇ ಹಾಕ್ಬೇಕು. ಪುಸ್ತಕಗಳನ್ನ ಮೆಟ್ಟಿಲ ಕೆಳಗೆ ಜೋಡಿಸಿಬಿಡಿ." ಅಲ್ಲೇ ಒಂದು ಹಾಳೆಯಲ್ಲಿ ಆದೇಶ ಗೀಚಿ ಮುಂದೆ ಹಿಡಿದರು. ಬೈರಯ್ಯ ಮೊಹರು ತಂದಿಟ್ಟ. ರಾಚಪ್ಪ ಬೇಡ ಬೇಡವೆಂದುಕೊಳ್ಳುತ್ತಿರುವಾಗಲೇ ಅವನ ಬಲಗೈ ಮೇಲೆದ್ದು ಧಪ್ಪೆಂದು ಇಳಿಯಿತು.

ಸಂಜೆ ಅವನು ಮನೆ ಸೇರಿದಾಗ ಒಲೆಯ ಮೇಲೆ ಎಣ್ಣೆ ಕಾದು ಸಾಸಿವೆ ಚಟಪಟ ಎನ್ನುತ್ತಿತ್ತು.

"ಕರಿಬೇವು ತಂದ್ರಾ?" ಎಂದಳು ಶಶಿಕಲಾ, ತಿರುಗದೆಯೇ.

ರಾಚಪ್ಪ ಬಾಗಿಲಲ್ಲೇ ನಿಂತ. ಬೆಳಗಿನಿಂದ ಕರಿಬೇವಿನಲ್ಲೇ ಮುಳುಗೆದ್ದು ಬಂದವನಿಗೆ ಕರಿಬೇವು ತರುವುದು ಮರೆತುಹೋಗಿತ್ತು.

ಶಶಿಕಲಾ ತಿರುಗಿ ನೋಡಿದಳು. ಹತ್ತಿರ ಬಂದು, ಅವನ ಕಿವಿಯ ಹಿಂದೆ ಬಾಡಿ ಕೂತಿದ್ದ ಎಸಳನ್ನು ಎಳೆದು, ನೀರಲ್ಲಿ ಅದ್ದಿ ಒಗ್ಗರಣೆಗೆ ಹಾಕಿದಳು. ಚುಂಯ್ ಎಂದಿತು.

"ಎರಡು ದಿನದಿಂದ ಮರೀತಿದ್ರಿ, ಇವತ್ತು ನೆನಪಿಟ್ಟು ತಂದಿದೀರಲ್ಲ," ಎಂದಳು. "ಪರವಾಗಿಲ್ಲ ಕಣ್ರೀ ನಿಮ್ಮ ಸಂಶೋಧನೆ. ಕೆಲ್ಸ ಮಾಡುತ್ತೆ."