‘ನಿಲ್ಲು’ ಎಂದೆ, ‘ಬರೆದಾಯಿತು’ ಎಂದಿತು

ಇನ್ನು ಮುಂದೆ ನಮ್ಮ ಮನೆಯ ನೀರಿನ ಮೋಟರು ಮನುಷ್ಯರ ಹಂಗಿಲ್ಲದೆ ಓಡತಕ್ಕದ್ದು, ಮನುಷ್ಯರ ಹಂಗಿಲ್ಲದೆ ನಿಲ್ಲತಕ್ಕದ್ದು! ಭಾನುವಾರ ಬೆಳಗ್ಗೆ ನಾನು ಹೀಗೆ ಘೋಷಿಸಿದಾಗ ಸಭೆಯಲ್ಲಿದ್ದವಳು ಹೆಂಡತಿ ಒಬ್ಬಳೇ. ನರ್ಸ್ ಆಗಿರುವ ಅವಳು ರಾತ್ರಿ ಪಾಳಿ ಮುಗಿಸಿ ಬಂದು, ಇದ್ದೆರಡು ಸಮವಸ್ತ್ರಗಳನ್ನೂ ಒಗೆದು ತಾರಸಿಯಲ್ಲಿ ಒಣಹಾಕಿ, ಮಲಗಲು ಹೊರಟಿದ್ದಳು.

“ಎಲೆಕ್ಟ್ರಿಷಿಯನ್‌ನ ಕರೆದ್ರೆ ಅರ್ಧ ಗಂಟೆ ಕೆಲ್ಸ ಕಣ್ರೀ.”

“ಮನೇಲಿ ವಿಜ್ಞಾನ ಪದವೀಧರ ಇರುವಾಗ?”

“ಅದೇ ನನ್ನ ಭಯ! ಸಂಜೆ ಮತ್ತೆ ಡ್ಯೂಟಿ ಇದೆ. ನನ್ನ ಎಬ್ಬಿಸ್ಬೇಡಿ, ಬಟ್ಟೆ ನೆನೆಸ್ಬೇಡಿ. ಏನಾದ್ರೂ ಎಡವಟ್ಟಾದ್ರೆ ಅಡುಗೆಮನೆ ಗೋಡೆ ಮೇಲಿನ ಮೋಟರ್ ಸ್ವಿಚ್ ಆರ್ಸಿಬಿಡಿ. ಕೇಳಿಸ್ತಾ?”

“ಹ್ಞೂಂ.”

ನನ್ನ ಅಸ್ತ್ರ, ಬೆಂಕಿಪೊಟ್ಟಣದಷ್ಟಿರುವ ಒಂದು ಕಂಪ್ಯೂಟರು. ಅದಕ್ಕೆ ತಗಲಿಸಿದ ಪ್ರತಿಯೊಂದು ಸಾಧನವೂ ಅದರೊಳಗೆ ಒಂದು ಫೈಲಿನ ವೇಷ ಹಾಕಿ ಕೂತಿರುತ್ತದೆ. ‘ಮೋಟರ್’ ಎಂಬ ಫೈಲಿಗೆ ‘ಓಡು’ ಎಂದು ಬರೆದರೆ ಮೋಟರು ಓಡಬೇಕು, ‘ನಿಲ್ಲು’ ಎಂದು ಬರೆದರೆ ನಿಲ್ಲಬೇಕು. ‘ಓಡು’ ಎಂದು ಬರೆದೆ. ಕೆಳಗೆ ಗುರ್ರ್ ಎಂದಿತು! ಸೇಬು ಬಿದ್ದ ದಿನ ನ್ಯೂಟನ್ನನಿಗೂ ಇಷ್ಟು ಸಂತೋಷವಾಗಿರಲಾರದು.

ಟ್ಯಾಂಕು ತುಂಬುವವರೆಗೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಫೈಲುಗಳನ್ನು ಒಪ್ಪಮಾಡಲು ಕುಳಿತೆ. ಎಷ್ಟೋ ಫೈಲುಗಳು ಖಾಲಿ, ಗಾತ್ರ ಸೊನ್ನೆ! ಸೋಮಾರಿಗಳಿಗೆ ನನ್ನ ರಾಜ್ಯದಲ್ಲಿ ಜಾಗವಿಲ್ಲ ಎಂದು ಖಾಲಿಯವನ್ನೆಲ್ಲ ಒಂದೇ ಏಟಿಗೆ ಅಳಿಸಿದೆ.

ಅಷ್ಟರಲ್ಲಿ ತಾರಸಿಯಿಂದ ಜಲಪಾತದ ಸದ್ದು. ಟ್ಯಾಂಕು ತುಂಬಿತ್ತು. ‘ನಿಲ್ಲು’ ಎಂದು ಬರೆದೆ.

‘ಬರೆದಾಯಿತು’ ಎಂದಿತು ಪರದೆ. ಮೋಟರು ಓಡುತ್ತಲೇ ಇತ್ತು.

ಮತ್ತೆ ಬರೆದೆ. ‘ಬರೆದಾಯಿತು.’ ಗುರ್ರ್! ಸೋಲುವುದುಂಟೆ? ಒಂದೇ ಸಮನೆ ‘ನಿಲ್ಲು’ ಬರೆಯುತ್ತಿರುವಂತೆ ಕಂಪ್ಯೂಟರಿಗೇ ಆಜ್ಞೆ ಕೊಟ್ಟೆ. ಅದು ಚಾಚೂತಪ್ಪದೆ ಬರೆಯತೊಡಗಿತು. ಮೆಟ್ಟಿಲ ಮೇಲೆ ನೀರು ಇಳಿಯತೊಡಗಿತು. ಈ ಕಂಪ್ಯೂಟರನ್ನು ನನ್ನ ತಲೆಗೆ ಕಟ್ಟಿದ ಆಫೀಸಿನ ಗೆಳೆಯ ‘ಸರ್ಕ್ಯೂಟ್’ಗೆ ಫೋನು ಮಾಡಿದೆ.

“ಮೋಟರ್ ಫೈಲಿನ ಗಾತ್ರ ಎಷ್ಟಿದೆ?” ಎಂದ.

“ಬೆಳೀತಾನೇ ಇದೆ ಕಣಯ್ಯಾ!” ಎಂದೆ ಹೆಮ್ಮೆಯಿಂದ.

“ಸಾಧನದ ಫೈಲು ಬೆಳೆಯಲ್ಲಯ್ಯಾ! ಅದು ಬರೀ ಬಾಗಿಲು, ಯಾವಾಗಲೂ ಖಾಲೀನೇ ಇರುತ್ತೆ. ನೀನೇನಾದ್ರೂ ಅಳಿಸಿದ್ಯಾ?”

“ಅದು... ಸ್ವಲ್ಪ ಒಪ್ಪ ಮಾಡಿದೆ.”

“ಸರಿಹೋಯ್ತು! ಬಾಗಿಲನ್ನೇ ಕಿತ್ತಿದ್ದೀಯ. ಈಗ ಅದೇ ಹೆಸರಲ್ಲಿ ಒಂದು ಮಾಮೂಲಿ ಫೈಲು ಹುಟ್ಕೊಂಡಿದೆ. ನೀನು ಹೇಳಿದ್ದನ್ನೆಲ್ಲ ಜೋಪಾನವಾಗಿ ಇಟ್ಕೊಳ್ತಿದೆ. ಮೋಟರ್‌ಗೆ ಒಂದಕ್ಷರಾನೂ ಹೋಗಿಲ್ಲ!”

“ಹೊಸ ಬಾಗಿಲು ಕೂರಿಸೋದು ಹೇಗೆ? ಹೇಳು, ಬರ್ಕೋತೀನಿ!” ನಾನು ಅಂಗಿಯ ತೋಳು ಮಡಚಿದೆ. ಮೊದಲ ಸಾಲು ಬರೆದಿದ್ದೆನೋ ಇಲ್ಲವೋ, ಅಡುಗೆಮನೆಯಲ್ಲಿ ‘ಟಕ್’ ಎಂದಿತು. ಮೋಟರು ನಿಂತಿತು.

ಬಾಗಿಲಲ್ಲಿ ಹೆಂಡತಿ. ಕಣ್ಣ ತುಂಬ ನಿದ್ದೆ, ಕೈಯಲ್ಲಿ ನೀರು ಸುರಿಯುವ ಎರಡು ಸಮವಸ್ತ್ರ. ಅವೆರಡನ್ನೂ ನನ್ನ ಕೈಗೆ ತುರುಕಿ ಮತ್ತೆ ಮಲಗಲು ಹೋದಳು.

ಅವಳು ಡ್ಯೂಟಿಗೆ ಹೊರಡುವ ಹೊತ್ತಿಗೆ ನಾನು ಇಸ್ತ್ರಿಪೆಟ್ಟಿಗೆ ಹಿಡಿದು ಹಬೆಯ ನಡುವೆ ನಿಂತಿದ್ದೆ. ಆಗಲೂ ಛಲ ಬಿಡದೆ, ತಪ್ಪು ನನ್ನದಲ್ಲ, ಫೈಲಿನದು ಎಂದು ಅವಳಿಗೆ ವಿವರಿಸುತ್ತಿದ್ದೆ.

“ಅಂದ್ರೆ, ಹೇಳಿದ್ದನ್ನೆಲ್ಲ ತಗೊಳ್ಳುತ್ತೆ, ಆಯ್ತು ಅನ್ನುತ್ತೆ, ಮಾಡೋದು ಮಾತ್ರ ಏನೂ ಇಲ್ಲ?”

“ಅಷ್ಟೇ! ಎಷ್ಟು ಬೇಗ ಅರ್ಥ ಮಾಡ್ಕೊಂಡೆ ನೋಡು!”

“ಅರ್ಥ ಆಗ್ದೆ ಏನ್ರೀ? ಮದುವೆ ಆದಾಗಿಂದ ಅಂಥದ್ದರ ಜೊತೇಲೇ ಸಂಸಾರ ಮಾಡ್ತಿದ್ದೀನಿ. ಬೆಳಗ್ಗೆ ಸ್ವಿಚ್ ಆರ್ಸಿ ಅಂದಿದ್ನಲ್ಲ, ಅದು ಯಾವ ಫೈಲಿಗೆ ಹೋಯ್ತು?”

ಹಬೆಯಲ್ಲಿ ಮುಖ ಮರೆಸಿಕೊಂಡೆ.

“ತೋಳು ಇನ್ನೂ ಒದ್ದೆ ಇದೆ, ಸರಿಯಾಗಿ ತೀಡಿ. ಕೇಳಿಸ್ತಾ?”

‘ಹ್ಞೂಂ’ ಎನ್ನಲು ಬಾಯಿ ತೆರೆದೆ. ತಕ್ಷಣ ಮುಚ್ಚಿಕೊಂಡು ತೋಳು ತೀಡಿದೆ.