ಯಾರೂ ಹೆದರದ ಗುಮ್ಮ

ನನ್ನ ಸೋದರಮಾವನಷ್ಟು ಭಯಂಕರವಾದ ಮನುಷ್ಯ ಪಿರಿಯಾಪಟ್ಟಣದ ಸುತ್ತಮುತ್ತ ಇನ್ನೊಬ್ಬರಿಲ್ಲ ಎಂದು ಯಾರಾದರೂ ಹೇಳಬೇಕೆಂಬುದು ಅವರ ಬಹುದಿನದ ಆಸೆ. ನಾನೇ ಹೇಳಿಬಿಡುತ್ತಿದ್ದೆ, ಆದರೆ ಸಾಕ್ಷಿ ಎಲ್ಲಿದೆ? ಹದಿನೇಳು ವರ್ಷಗಳಿಂದ ಅವರು ವರ್ಷಕ್ಕೊಂದು ಭಯಾನಕ ವೇಷ ಕಟ್ಟುತ್ತಾ ಬಂದಿದ್ದಾರೆ. ಇದುವರೆಗೆ ಹೆದರಿದ್ದು ಒಂದೇ ಒಂದು ಎಮ್ಮೆ. ಅದೂ ಮಾವನಿಗೆ ಹೆದರಲಿಲ್ಲ, ಅದೇ ಹೊತ್ತಿಗೆ ಕೂಗಿದ ಬಸ್ಸಿನ ಹಾರನ್ನಿಗೆ ಹೆದರಿತು ಎಂದು ಅತ್ತೆಯ ವಾದ!

ವೇಷ ನಾಟಕಕ್ಕಲ್ಲ, ಹಬ್ಬಕ್ಕೂ ಅಲ್ಲ. ವರ್ಷಕ್ಕೊಮ್ಮೆ ಮಾವನ ಊರ ಚಾವಡಿಗೆ ಸಿಡುಬಿನ ಚುಚ್ಚು ಹಾಕುವವರು ಬರುತ್ತಾರೆ. ಖಾಕಿ ಚೀಲ, ಸ್ಪಿರಿಟ್ಟಿನ ದೀಪ, ತೋಳಿನ ಮೇಲೆ ಒತ್ತಿ ಗಿರ್ರನೆ ತಿರುಗಿಸುವ ಹಲ್ಲು ಹಲ್ಲಿನ ಬಿಲ್ಲೆ. ಅವರು ಊರೊಳಗೆ ಕಾಲಿಡುವಷ್ಟರಲ್ಲಿ ಮಕ್ಕಳೆಲ್ಲ ಮಾಯ! ಅಟ್ಟದ ಮೇಲೆ, ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ, ಹುಲ್ಲಿನ ಮೆದೆಯ ಸಂದಿಯಲ್ಲಿ. ಕರುಳು ಚುರುಕ್ಕೆಂದ ದೊಡ್ಡವರು ಬಾಗಿಲಿಗೆ ಬಂದು, "ನಮ್ಮನೇಲಿ ಮಕ್ಳೇ ಇಲ್ಲ ಕಣ್ರಪ್ಪ" ಎಂದುಬಿಡುತ್ತಾರೆ. ಬಂದವರು ಸ್ವಲ್ಪ ಹೊತ್ತು ಕಾದು ಮುಂದಿನ ಊರಿಗೆ ಹೋಗುತ್ತಾರೆ. ಅವರು ಮತ್ತೆ ಬರುವುದು ಮುಂದಿನ ವರ್ಷ. ಸಿಡುಬು ಅಷ್ಟು ದಿನ ಕಾಯಬೇಕಲ್ಲ?

ಇದಕ್ಕೆ ಮಾವ ಕಂಡುಕೊಂಡ ಉಪಾಯ ಗುಮ್ಮ.

"ಚುಚ್ಚಿಗೆ ಎದರಿ ಬಚ್ಚಿಟ್ಕತ್ತವೆ ತಾನೆ? ಬಚ್ಚಿಟ್ಕಂಡಿರೋ ಜಾಗ್ದಲ್ಲಿ ಅದ್ಕಿಂತ ದೊಡ್ಡ ಎದರಿಕೆ ಇರ್ಬೇಕು ಕಣವ್ವ. ಗುಮ್ಮ ಅಟ್ಟಕ್ಕೆ ನುಗ್ಗುದ್ರೆ ಉಡುಗ್ರು ಚಾವಡಿಗೆ ಓಡ್ತವೆ."

ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಗುಮ್ಮನಲ್ಲಿ. ಎಲ್ಲಾದರೂ ಗುಮ್ಮನ ಜೇಬಿನಲ್ಲಿ ಹುರಿಗಡಲೆ, ಬೆಲ್ಲ ಇರುತ್ತದೆಯೇ? ಊರಿನ ಮಕ್ಕಳಿಗೆಲ್ಲ ಆ ಜೇಬು ತಮ್ಮ ಮನೆಯ ಡಬ್ಬಕ್ಕಿಂತ ಚೆನ್ನಾಗಿ ಗೊತ್ತು.

ನಾನು ಹುಣಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಚುಚ್ಚಿನವರು ಬರುವ ಸುದ್ದಿ ಸಿಕ್ಕಿದೊಡನೆ ಮಾವನ ಕಾರ್ಡು ಬರುತ್ತದೆ: "ಈ ಸಲದ್ದು ನಿಜವಾಗಿ ಭಯಂಕರ. ಕಪ್ಪು ಬಣ್ಣ, ದಬ್ಬಳ ತರುವುದು." ಮೊದಮೊದಲು ನಿಟ್ಟುಸಿರು ಬಿಡುತ್ತಿದ್ದೆ. ಈಗ ಅದೂ ಮುಗಿದಿದೆ. ರಜೆ ಚೀಟಿ ಬರೆದುಕೊಟ್ಟು, ಸೆರಗನ್ನು ಎಂದಿನಂತೆ ಕೆನ್ನೆಯವರೆಗೆ ಎಳೆದುಕೊಂಡು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತೇನೆ. ಬಿ.ಎ. ಓದಿದ್ದು ರಾಕ್ಷಸರ ಅಂಗಿ ಹೊಲಿಯುವುದಕ್ಕೆ ಎಂದು ನನ್ನ ಮೇಷ್ಟ್ರುಗಳಿಗೆ ತಿಳಿದಿದ್ದರೆ ಅಷ್ಟು ಕಷ್ಟಪಟ್ಟು ಪಾಠ ಮಾಡುತ್ತಿರಲಿಲ್ಲವೇನೋ!

ಒಂದು ವರ್ಷ ಕರಡಿ. ಎರಡು ಕರಿ ಕಂಬಳಿ ಸೇರಿಸಿ ಹೊಲಿದು ನನ್ನ ಬೆರಳೆಲ್ಲ ತೂತಾಗಿತ್ತು. ಮಾವ ನಾಲ್ಕು ಕಾಲಿನಲ್ಲಿ ಹುಲ್ಲಿನ ಮೆದೆಯ ಹಿಂದೆ ನುಗ್ಗಿದರು. ಮೂವರು ಹುಡುಗರು ಅವರ ಬೆನ್ನೇರಿ ಕುಳಿತು, "ಮಾವಯ್ಯ, ಒಸಿ ಬೇಗ ಓಡಿ!" ಎಂದರು. ಮಾವ ಓಡಿದರು. ಸೊಂಟ ಹಿಡಿದುಕೊಂಡು ಎಂಟು ದಿನ ಮಲಗಿದರು.

ಇನ್ನೊಂದು ವರ್ಷ ರಾಕ್ಷಸ. ಹೆಂಚಿನ ಮಸಿ ಬಳಿದು, ಸೆಣಬಿನ ಜಡೆ ಕಟ್ಟಿದಾಗ ಮೊದಲ ಬಾರಿಗೆ ನನಗೂ ಸ್ವಲ್ಪ ಭರವಸೆ ಬಂದಿತ್ತು. ಅಷ್ಟರಲ್ಲಿ ಮಾವ ದೇವರ ಮನೆಗೆ ಹೋಗಿ ಹಣೆಯ ತುಂಬ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ಬಂದರು.

"ಮಾವಯ್ಯ, ರಾಕ್ಷಸನಿಗೆ ವಿಭೂತಿಯೇ?"

"ಬರಿ ಅಣೇಲಿ ಒರಗಡೆ ಓಗಕ್ಕಾಯ್ತದಾ ಕಣವ್ವ? ರಾವಣ ಏನು ಬರಿ ಅಣೇಲಿದ್ನಾ?"

ಹಾಗೇ ಹೊರಟರು. ಮೂಲೆಮನೆಯ ಮುದುಕಿ ಜಡೆ ನೋಡಿದಳು, ವಿಭೂತಿ ನೋಡಿದಳು, "ಸ್ವಾಮೇರು ಬಂದವ್ರೆ!" ಎಂದು ಕಾಲಿಗೆ ನೀರೆರೆದು ಒಳಗೆ ಕರೆದಳು. ಅಟ್ಟದಲ್ಲಿದ್ದ ಮೊಮ್ಮಕ್ಕಳನ್ನು ಇಳಿಸಿ ಅಡ್ಡ ಬೀಳಿಸಿದಳು. ರಾಕ್ಷಸರು ಬಾಳೆಹಣ್ಣು ತಿಂದು, ಆಶೀರ್ವಾದ ಮಾಡಿ ಹೊರಬರುವಷ್ಟರಲ್ಲಿ ಖಾಕಿ ಚೀಲ ಊರು ಬಿಟ್ಟಾಗಿತ್ತು!

ಮತ್ತೊಂದು ವರ್ಷ ತೆಂಗಿನಕಾಯಿ ಹೋಳಿನ ಕೋರೆಹಲ್ಲು. ಉದುರಿದ ಹಲ್ಲನ್ನು ಒಂದು ಮಗು ಎತ್ತಿಕೊಂಡು ತಿಂದುಬಿಟ್ಟಿತು. ಹೆಚ್ಚು ಹೇಳುವುದಿಲ್ಲ.

ವೇಷ ಮುಗಿದೊಡನೆ ಮಾವ ನನ್ನೆದುರು ನಿಂತು ಕೇಳುವ ಪ್ರಶ್ನೆ ಒಂದೇ: "ಎದರಿಕೆ ಆಯ್ತದೇನವ್ವ?" ಕೇಳುವಾಗ ನನ್ನ ಮುಖ ನೋಡುವುದಿಲ್ಲ. ನನ್ನ ಕೈಯ ಸೂಜಿಯನ್ನೋ, ಹಿಂದಿನ ಗೋಡೆಯನ್ನೋ ನೋಡುತ್ತಾರೆ. "ಇಲ್ಲ ಮಾವಯ್ಯ" ಎನ್ನುತ್ತೇನೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಈ ವರ್ಷದ್ದು ಮುಖವಾಡ. ಕಳೆದ ಚುನಾವಣೆಯ ಗೋಡೆ ಕಾಗದಗಳನ್ನು ಗಂಜಿಯಲ್ಲಿ ನೆನೆಸಿ, ಮಡಕೆಯ ಮೇಲೆ ಅಂಟಿಸಿ, ಒಣಗಿಸಿ ಮಾಡಿದ್ದು. ಎಷ್ಟು ಬಣ್ಣ ಬಳಿದರೂ ಎಡಗೆನ್ನೆಯಲ್ಲಿ "ನಿಮ್ಮ ಅಮೂಲ್ಯವಾದ ಮತ" ಎಂಬುದು ಇಣುಕುತ್ತಲೇ ಇತ್ತು. ಅತ್ತೆ ನೋಡಿ, "ಇದ್ಕೆ ಜನ ಎದರ್ಕಂಡ್ರೂ ಎದರ್ಕಬೌದು ಬುಡು" ಎಂದರು.

ಚುಚ್ಚಿನವರು ಬಂದರು. ಮಕ್ಕಳು ಮಾಯವಾದರು. ಮಾವ ಮುಖವಾಡ ಹಾಕಿ, ಕಂಬಳಿಯ ಬಾಲ ಕಟ್ಟಿಕೊಂಡು ಹೊರಟರು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಮುಖವಾಡ ಜಾರಿ ಕಣ್ಣಿನ ತೂತುಗಳು ಕಿವಿಯ ಹತ್ತಿರ ಹೋದವು. ಬೆವರಿಗೆ ನೆನೆದ ಗಂಜಿ ಗಡ್ಡಕ್ಕೆ ಅಂಟಿಕೊಂಡು ತೆಗೆಯಲೂ ಆಗದು. ಗುಮ್ಮ ಗುರ್ ಎನ್ನುತ್ತ ಬೇವಿನ ಮರಕ್ಕೆ ಡಿಕ್ಕಿ ಹೊಡೆಯಿತು. ಕ್ಷಮಿಸಿ ಎಂಬಂತೆ ಮರಕ್ಕೆ ಕೈ ಮುಗಿದು, ತಿಪ್ಪೆಯ ಕಡೆ ತಿರುಗಿತು.

"ಮಾವಯ್ಯ, ಅಂಗಲ್ಲ! ಮುಂದೆ ತಿಪ್ಪೆ ಕಣ್ರೀ!" ಮೆದೆಯೊಳಗಿಂದ ಒಂದು ದನಿ.

"ಯಾರ್ಲಾ ಅದು? ನಂಗೇನೂ ಕಾಣಾಕಿಲ್ಲ. ಕೈ ಇಡ್ಕಳ್ರಲಾ!"

ಮೆದೆಯಿಂದ ಇಬ್ಬರು ಇಳಿದರು. ಅಟ್ಟದಿಂದ ನಾಲ್ವರು. ವಾಡೆಗಳ ಮುಚ್ಚಳಗಳು ಎದ್ದವು. ಗುಮ್ಮನ ಒಂದೊಂದು ಕೈಗೆ ಇಬ್ಬರು, ಬಾಲಕ್ಕೆ ಮೂವರು, ಉಳಿದವರು ಹಿಂದೆ ನಗುತ್ತಾ.

"ಎಲ್ಲಿಗೆ ಮಾವಯ್ಯ?"

"ಚಾವಡಿಗೆ ಕಣ್ರಲಾ. ಒಸಿ ಕೂತ್ಕಬೇಕು."

ಕಣ್ಣು ಕಾಣದ ಗುಮ್ಮನನ್ನು ಊರಿನ ಮಕ್ಕಳೆಲ್ಲ ಸೇರಿ, ಕಲ್ಲು ಎಡವದಂತೆ ನಡೆಸಿಕೊಂಡು, ಖಾಕಿ ಚೀಲದ ಮುಂದೆ ತಂದು ಕೂರಿಸಿದರು! ಚುಚ್ಚಿನವರು ನಗು ತಡೆದುಕೊಂಡು ಗುಮ್ಮನ ತೋಳನ್ನೇ ಮೊದಲು ಹಿಡಿದರು. ಗುಮ್ಮ ಕಿರುಚಿದ ಕಿರುಚಾಟ ಪಕ್ಕದ ಊರಿಗೂ ಕೇಳಿಸಿರಬೇಕು. "ಅಯ್ಯೋ, ಇಷ್ಟಕ್ಕೆ ಅಳ್ತಾರಾ ಮಾವಯ್ಯ?" ಎಂದು ಒಬ್ಬಳು ಪುಟ್ಟ ಹುಡುಗಿ ತೋಳು ಚಾಚಿದಳು. ಗುಮ್ಮನಿಗಿಂತ ಕಡಿಮೆ ಕಿರುಚಿದವರು ಗೆದ್ದಂತೆ ಎಂದಾಯಿತು. ಎಲ್ಲರೂ ಗೆದ್ದರು. ಒಂದು ಮಗುವೂ ತಪ್ಪಲಿಲ್ಲ.

ಜನ ಚದುರಿದ ಮೇಲೆ ನಾನು ಬಿಸಿನೀರು ತಂದು ಮಾವನ ಗಡ್ಡದಿಂದ ಮುಖವಾಡ ಬಿಡಿಸಿದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡರು.

"ಒಂದೂ ಎದರ್ಲಿಲ್ಲ ಕಣವ್ವ."

ಹದಿನೇಳು ವರ್ಷಗಳ ಹಿಂದೆ, ನನಗೆ ಆರು ವರ್ಷವಿದ್ದಾಗ, ಮಾವನ ಮನೆಯ ವಾಡೆಯೊಳಗೆ ನಾನು ಬಚ್ಚಿಟ್ಟುಕೊಂಡಿದ್ದೆ. ಮಾವ ಇಣುಕಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ನಕ್ಕು, ಮುಚ್ಚಳ ಮುಚ್ಚಿ, ಬಾಗಿಲಿಗೆ ಹೋಗಿ, "ನಮ್ಮನೇಲಿ ಮಕ್ಳೇ ಇಲ್ಲ ಕಣ್ರಪ್ಪ" ಎಂದರು. ಆ ಬೇಸಿಗೆಯಲ್ಲಿ ನನಗೆ ಸಿಡುಬು ಎದ್ದಿತು. ಇಪ್ಪತ್ತು ದಿನ ಬೇವಿನ ಸೊಪ್ಪು ಹಿಡಿದು ಹಾಸಿಗೆಯ ಪಕ್ಕದಲ್ಲೇ ಕುಳಿತವರು ಮಾವ. ನಾನು ಉಳಿದೆ. ಮುಖದ ಕಲೆಗಳೂ ಉಳಿದವು. ನಮ್ಮ ಮನೆಯಲ್ಲಿ ಅದರ ಮಾತು ಯಾರೂ ಎತ್ತುವುದಿಲ್ಲ. ನಾನೂ ಎತ್ತಿದವಳಲ್ಲ.

"ನಿಂಗಾದ್ರೂ ಒಸಿ ಎದರಿಕೆ ಆಯ್ತೇನವ್ವ?" ಮಾವ ಮುಖವಾಡವನ್ನು ನೋಡುತ್ತಾ ಕೇಳಿದರು.

"ಆಯ್ತು ಮಾವಯ್ಯ. ತುಂಬಾ ಹೆದರಿಕೆ ಆಯ್ತು."

ಅವರು ತಲೆಯೆತ್ತಿದರು. ನಿಜವೋ ಸುಳ್ಳೋ ತಿಳಿಯಲು ನನ್ನ ಮುಖವನ್ನು ನೇರವಾಗಿ, ಬಹಳ ಹೊತ್ತು ನೋಡಿದರು. ನಾನು ಸೆರಗು ಎಳೆದುಕೊಳ್ಳಲಿಲ್ಲ.